ಕಾರಣವಿಲ್ಲದ ಕಾಗದ

ಬಿಂಡಿಗನವಿಲೆಯಲ್ಲಿ ನಾನು ನಡೆಸುವ ಓದಿನ ತರಗತಿಗೆ ಒಬ್ಬ ಅಧಿಕಾರಿ ಬಂದರು. ಶಾಲೆ ಕಾಣದೆ ಓದು ಕಲಿತವಳು ನಾನು. ಮಕ್ಕಳಿಗೂ ನನ್ನದೇ ದಾರಿ ಹೇಳಿಕೊಟ್ಟಿದ್ದೆ. ಎರಡು ವಾಕ್ಯಗಳ ನಡುವೆ "ಆಮ್ಯಾಕೆ", ಅಂದರೆ ಆಮೇಲೆ, ಹೊಂದಿದರೆ ಆ ಬರಹ ಕೆಲಸದ ಕ್ರಮ ಹೇಳುತ್ತದೆ. "ಅದ್ಕೇಯ" ಹೊಂದಿದರೆ ಕಾರಣ ಹೇಳುತ್ತದೆ.

ಅಧಿಕಾರಿ ಆದೇಶ ತೆಗೆದು ಓದಿದರು: "ಈ ತರಗತಿಯನ್ನು ಕೂಡಲೇ ನಿಲ್ಲಿಸತಕ್ಕದ್ದು."

ಅಷ್ಟರಲ್ಲಿ ಏಳನೇ ಕ್ಲಾಸಿನ ಸವಿತಾ ಎದ್ದು ನಿಂತಳು.

"ಇದ್ಯಾವ ಪಾಠ ಸಾ? ಆಮ್ಯಾಕೆನೂ ಇಲ್ಲ, ಅದ್ಕೇಯನೂ ಇಲ್ಲ. ಯಾಕೆ ನಿಲ್ಲುಸ್ಬೇಕು ಅಂತಾನೇ ಬರ್ದಿಲ್ವಲ್ಲ!"

ನನಗೆ ಎದ್ದು ಕುಣಿಯುವಷ್ಟು ಖುಷಿ! ಅಧಿಕಾರಿ ಕಾಗದ ತಿರುಗಿಸಿ ಹಿಂದೆಯೂ ನೋಡಿದರು. ಖಾಲಿ.

"ಕಾರಣ ಬರೆಸ್ಕೊಂಡು ಬರ್ತೀನಿ ಕಣಮ್ಮ" ಎಂದು ಹೋದವರು ಇನ್ನೂ ಬಂದಿಲ್ಲ. ನೆನಪಿಸಲು ನಾನೂ ಹೋಗಿಲ್ಲ.