ಮೂರು ಉಸಿರಿನ ಕ್ಷೌರಿಕ

ಯುದ್ಧಗಳು ನಿಂತದ್ದುಂಟು, ನದಿಗಳು ದಿಕ್ಕು ಬದಲಿಸಿದ್ದುಂಟು. ನಮ್ಮ ಬೀದಿಯ ಕ್ಷೌರಿಕ ಮಾತ್ರ ಮೂರು ಉಸಿರು ಮುಗಿಯದೆ ಬಾಯಿ ತೆರೆದದ್ದಿಲ್ಲ. ಟೈಮೆಷ್ಟು ಎಂದು ಕೇಳಿದರೂ ಅಷ್ಟೇ. ಕತ್ತಿ ಎಲ್ಲಿತ್ತೋ ಅಲ್ಲೇ ನಿಲ್ಲುತ್ತಿತ್ತು, ಕಣ್ಣು ಅರ್ಧ ಮುಚ್ಚುತ್ತಿತ್ತು. ಆ ಅವಧಿಯಲ್ಲಿ ಗಿರಾಕಿಗಳು ತಮ್ಮ ಪಾಪಗಳನ್ನೆಲ್ಲ ನೆನೆದು ಬೆವರುತ್ತಿದ್ದರು. ಒಬ್ಬ ಗುಮಾಸ್ತ ಸಿಗರೇಟು ಬಿಟ್ಟದ್ದೇ ಆ ಕುರ್ಚಿಯಲ್ಲಿ ಎಂಬ ಐತಿಹ್ಯವಿದೆ.

ಕಲಿಸಿದ್ದು ಒಬ್ಬ ಬೌದ್ಧ ಭಿಕ್ಷು, ಧ್ಯಾನದ ಗುರು. ಹದಿನೈದು ದಿನಕ್ಕೊಮ್ಮೆ ತಲೆ ಬೋಳಿಸಿಕೊಳ್ಳಲು ಬರುತ್ತಿದ್ದವರು ಇವನನ್ನು ಹಿಂದಿನ ಕೋಣೆಯಲ್ಲಿ, ಒದ್ದೆ ಟವೆಲುಗಳ ರಾಶಿಯ ಪಕ್ಕ ಕೂರಿಸಿ, "ಏನೇ ಬರಲಿ, ಮೊದಲು ಮೂರು ಉಸಿರು ನೋಡಪ್ಪ. ಮಾತು ಆಮೇಲೆ" ಎಂದರು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಶಿಷ್ಯನ ಎಣಿಕೆ ನಿಂತಿಲ್ಲ.

ಅಂಗಡಿಯಲ್ಲಿ ಎರಡು ಕುರ್ಚಿ: ಒಂದು ಅಣ್ಣನದು, ಒಂದು ಇವನದು. ಅಪ್ಪ ಹೋದ ಮೇಲೆ ಬಾಡಿಗೆ ಕರಾರನ್ನು ಹೊಸದಾಗಿ ಬರೆಯಬೇಕಾಯಿತು. ಒಂದೇ ಹೆಸರು ಸಾಕು ಎಂದ ಮಾಲೀಕ. ಮರುದಿನ ಬೆಳಿಗ್ಗೆ ಅಣ್ಣ ತಾನೇ ಬಂದು ತಮ್ಮನ ಮುಂದೆ ಗಡ್ಡ ಒಡ್ಡಿ ಕೂತ. ನಾನು ಸರದಿಗಾಗಿ ಬೆಂಚಿನಲ್ಲಿದ್ದೆ. ಒಂದು ಕೆನ್ನೆ ಮುಗಿದು ಕತ್ತಿ ಕೆಳಗಿಳಿದಿತ್ತು.

"ಕರಾರು ನನ್ನೊಬ್ಬನ ಹೆಸರಿಗೆ ಬರೆಸಿಬಿಡ್ತೀನಿ ಕಣೋ. ಏನಂತೀಯ?"

ತಮ್ಮ ಒಂದನೇ ಉಸಿರೆಳೆದ. ಇಪ್ಪತ್ತು ವರ್ಷ ಒಂದೇ ಕನ್ನಡಿ ಹಂಚಿಕೊಂಡ ಅಣ್ಣನಿಗೆ ಈ ಎಣಿಕೆ ಬಾಯಿಪಾಠ. ಎರಡನೆಯದು ಮುಗಿಯುತ್ತಿದ್ದಂತೆ, "ನೋಡಿದ್ರಲ್ಲ ಸಾರ್, ಬೇಡ ಅನ್ನಲಿಲ್ಲ. ಬಂಗಾರದಂಥ ತಮ್ಮ" ಎಂದು ನನ್ನನ್ನು ಸಾಕ್ಷಿ ಮಾಡಿ, ಇನ್ನೊಂದು ಕೆನ್ನೆಯ ನೊರೆ ಒರೆಸಿಕೊಳ್ಳುತ್ತ ಮಹಡಿ ಮೇಲಿನ ಮಾಲೀಕನ ಮನೆಗೆ ಹತ್ತಿದ. ನಾನು ಪೇಪರಿನಲ್ಲಿ ಮುಖ ಹುದುಗಿಸಿದೆ. ಮೂರನೆಯದನ್ನೂ ಮುಗಿಸಿ ತಮ್ಮ "ಬೇಡ" ಎಂದ. ಕುರ್ಚಿ ಕೇಳಿಸಿಕೊಂಡಿತು.

ತಿಂಗಳೊಳಗೆ ಆ ಕುರ್ಚಿಯೂ ಹೋಗಿ, ಅಲ್ಲಿ ತಲೆ ತೊಳೆಯುವ ಬೇಸಿನ್ ಬಂತು. ಈಗ ಇವನು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳ ಹೊಟ್ಟೆ, ತೊಡೆ ಬೋಳಿಸುತ್ತಾನೆ.

"ನಿಮ್ಮಣ್ಣಂಗೆ ಅಂಗಡಿ, ನಮಗೆ ಉಸಿರು. ಕುಕ್ಕರಿಗೆ ಅದನ್ನೇ ಹಾಕಿ ಕೂಗಿಸ್ಲಾ?" ಎನ್ನುತ್ತಾಳಂತೆ ಹೆಂಡತಿ.

ಆದರೂ ಗುರುವಿನ ಫೋಟೋ ಆಸ್ಪತ್ರೆಯಲ್ಲಿ ಇವನ ಕಪಾಟಿನ ಬಾಗಿಲಿಗೆ ಅಂಟಿಕೊಂಡಿದೆ. ನನ್ನ ಹರ್ನಿಯಾದ ದಿನ ನನ್ನ ಹೊಟ್ಟೆ ಇವನ ಪಾಲಿಗೆ ಬಂತು. ಬ್ಲೇಡು ತೆಗೆಯುವ ಮುಂಚೆ ಫೋಟೋಗೆ ಕೈಮುಗಿದದ್ದನ್ನು ಕಂಡು ನನಗೆ ಮೈ ಉರಿಯಿತು.

"ಅಲ್ಲ ಮಾರಾಯ, ಅವರ ಪಾಠ ಕೇಳಿಯೇ ಅಂಗಡಿ ಕಳ್ಕೊಂಡೆ. ಇನ್ನೂ ಕೈಮುಗೀತೀಯಲ್ಲ, ಏನು ಸಿಕ್ತು ನಿಂಗೆ? ಶಾಂತಿಯಾ? ವೈರಾಗ್ಯವಾ?"

ಎಂದಿನಂತೆ ಮೂರು ಉಸಿರು ಕಾಯಿಸಿ, ಸೋಪು ಹಚ್ಚುತ್ತ ಹೇಳಿದ:

"ಅಂಥದ್ದೇನೂ ಇಲ್ಲ ಸಾರ್. ಅಣ್ಣ ಹಾಗೆ ಕೇಳಿದಾಗ ಕತ್ತಿ ಅವನ ಗಂಟಲ ಮೇಲಿತ್ತು. ಕೈ ಆಗಲೇ ಒತ್ತೋಕೆ ಹೊರಟಿತ್ತು."