ಮಾವ ತಿದ್ದಿದ ಒಂದು ಮಾತು

ನನ್ನ ಸೋದರಮಾವ ಸೊರಬದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೂ ಅವರ ತಿದ್ದುವ ಕೆಲಸಕ್ಕೆ ಬಿಡುವಿರಲಿಲ್ಲ. ಯಾರಾದರೂ 'ರಿಟರ್ನ್ ಬ್ಯಾಕ್' ಎಂದರೆ, "ರಿಟರ್ನ್ ಅಂದ್ರೇನೇ ವಾಪಸ್ಸು, ಮತ್ತೆ ಬ್ಯಾಕ್ ಯಾಕೆ?" ಎನ್ನುವರು. 'ಕಸಿನ್ ಬ್ರದರ್' ಕಿವಿಗೆ ಬಿದ್ದರೆ ಹಲ್ಲುನೋವು ಬಂದವರ ಹಾಗೆ ಕೆನ್ನೆ ಹಿಡಿದುಕೊಳ್ಳುವರು. ಹಳೆಯ ಶಿಷ್ಯನೊಬ್ಬ "ಸಾರ್, ಒಂದು ಡೌಟು" ಎಂದು ಬಾಗಿಲಲ್ಲಿ ನಿಂತರೆ, "ಡೌಟು ಅಂದ್ರೆ ಅನುಮಾನ. ನನ್ ಮೇಲೇನಪ್ಪ ಅನುಮಾನ ನಿಂಗೆ?" ಎಂದು ಕೇಳುವರು. ಅತ್ತೆ ಒಳಗಿನಿಂದಲೇ ಕೂಗಿ, "ಮೊದ್ಲು ಕೂರಕ್ಕೆ ಹೇಳಿ ಅವ್ನಿಗೆ, ಆಮೇಲೆ ತಿದ್ದೀರಂತೆ" ಎನ್ನುತ್ತಿದ್ದರು.

ನಾವು ನಗುತ್ತಿದ್ದೆವು. ಆದರೆ ಮಾವನ ಸಿಟ್ಟಿನಲ್ಲಿ ಜಂಬ ಇರಲಿಲ್ಲ. ಅವರು ಸೊರಬ ತಾಲ್ಲೂಕಿನ ಜಡೆ ಊರಿನ ಕಡೆಯ ಹಳ್ಳಿಯವರು. ಇಂಗ್ಲಿಷಿನ ಗಂಧಗಾಳಿಯಿಲ್ಲದ ಮನೆಯಲ್ಲಿ ರೇಡಿಯೋ ವಾರ್ತೆ ಕೇಳಿ ಕೇಳಿ ಆ ಭಾಷೆ ಕಲಿತವರು. ಕಾಲೇಜಿಗೆ ಹೋದಾಗ ಅವರ ಬಾಯಿಂದ ಬಂದ ಒಂದೇ ಒಂದು ತಪ್ಪನ್ನು ಪೇಟೆಯ ಹುಡುಗರು ವರ್ಷವೆಲ್ಲ ಆಡಿಕೊಂಡು ನಕ್ಕಿದ್ದರಂತೆ. ತಮ್ಮ ಕೈಯಲ್ಲಿ ಓದಿದವರಿಗೆ ಆ ಗತಿ ಬರಬಾರದು ಎಂಬುದೇ ಅವರ ಹಟ.

ನನ್ನ ಮನೆ ಶಿಕಾರಿಪುರದಲ್ಲಿ. ಮಾವನ ಮಗಳಿಗೆ ಇಲ್ಲಿಯ ಶಾಲೆಯಲ್ಲಿ ಕೆಲಸ ಸಿಕ್ಕಿದ್ದರಿಂದ ನಮ್ಮಲ್ಲೇ ಇದ್ದಳು. ಒಂದು ಸಂಜೆ ನಾನು ಸೊಪ್ಪು ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತು, ತಾನೊಬ್ಬರನ್ನು ಮೆಚ್ಚಿರುವುದಾಗಿ ಹೇಳಿದಳು. ಅವರದು ಮಾರುಕಟ್ಟೆಯ ಹತ್ತಿರ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ನಮ್ಮದೇ ಪೈಕಿಯ ಮನೆತನ. ಅಡ್ಡಿ ಏನೂ ಕಾಣಲಿಲ್ಲ. ಅವಳಿಗೆ ಮಾತ್ರ ಅಳುಕು.

"ಅತ್ತಿಗೆ, ಅಪ್ಪನ ಮುಂದೆ ಅವ್ರು ಇಂಗ್ಲಿಷ್ ಮಾತಾಡಿಬಿಟ್ರೆ ಏನ್ ಮಾಡದು?"

"ಕನ್ನಡದಾಗೇ ಮಾತಾಡಕ್ಕೆ ಹೇಳು."

"ಹೇಳೀನಿ. ಕೇಳಲ್ಲ. ಇಂಗ್ಲಿಷ್ ಮೇಷ್ಟ್ರ ಹತ್ರ ಇಂಗ್ಲಿಷ್ ಮಾತಾಡದಿದ್ರೆ ಮರ್ಯಾದೆ ಅಲ್ಲ ಅಂತಾರೆ."

ಹಾಗೆಯೇ ಆಯಿತು. ಮಾವ, ಅತ್ತೆ ಸೊರಬದಿಂದ ಬಂದ ಭಾನುವಾರ ಆ ಹುಡುಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದ. ಕೂರುವ ಮೊದಲೇ "ಮೈಸೆಲ್ಫ್" ಎಂದು ಶುರುಮಾಡಿ ತನ್ನ ಹೆಸರು ಹೇಳಿದ. ಮಾವನ ಕಣ್ಣು ಕಿರಿದಾಯಿತು. "ಐ ಆಮ್ ಹ್ಯಾವಿಂಗ್ ಒನ್ ಶಾಪ್ ಸರ್" ಎಂದ. ಮಾವ ಕಾಫಿ ಲೋಟವನ್ನು ಕೆಳಗಿಟ್ಟರು. ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು. ಇಷ್ಟಾದರೂ ಮಾವ ತಡೆದುಕೊಂಡರು.

"ನಿಮ್ ತಂದೆಯವ್ರು ಏನ್ ಮಾಡ್ತಾರೆ?" ಎಂದು ತಾವೇ ಕನ್ನಡಕ್ಕೆ ತಿರುಗಿಸಿದರು.

"ಫಾದರ್ ಎಕ್ಸ್‌ಪೈರ್ಡ್ ಸರ್. ಲಾಸ್ಟ್ ಇಯರ್."

ಮಾವನ ಬಾಯಿಂದ ಮಾತು ಜಾರಿಬಿಟ್ಟಿತು. "ಎಕ್ಸ್‌ಪೈರಿ ಆಗದು ಔಷಧಿ ಕಣಯ್ಯ. ಮನುಷ್ಯ ಅಲ್ಲ. ಡೈಡ್ ಅನ್ಬೇಕು."

ಹುಡುಗ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಂಡ. ಆಮೇಲೆ ಮೆಲ್ಲಗೆ, ಈಗ ಕನ್ನಡದಲ್ಲಿ, ಹೇಳಿದ: "ಹೌದ್ರಿ ಸರ್, ತಪ್ಪಿರಬೇಕು. ಆದ್ರೆ ಡೈಡ್ ಅಂದ್ರೆ ಸತ್ರು ಅಂದಂಗಾಗ್ತೈತ್ರಿ. ನಮ್ಮಪ್ಪಗೆ ಹಂಗನ್ನಕ್ಕೆ ನಾಲಿಗಿ ಬರಲ್ರೀ. ತೀರಿಕೊಂಡ್ರು ಅಂತೀವಲ್ರಿ, ಹಂಗೆ ಅಂದೆ."

ಅವನ ದನಿಯಲ್ಲಿ ಎದುರಾಡುವ ಧಾಟಿ ಇರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೂತು, ಎಲ್ಲರಿಗೂ ಕೈಮುಗಿದು ಹೊರಟ. ಅವನು ಗೇಟು ದಾಟಿದ್ದೇ ತಡ, ಮಗಳು ಅಪ್ಪನ ಎದುರು ಬಂದು ನಿಂತಳು.

"ಇವತ್ತೊಂದಿನ ಬಿಡಕ್ಕಾಗ್ತಿರಲಿಲ್ವಾ ಅಪ್ಪಾ?"

ಊಟಕ್ಕೆ ಕರೆದರೆ ಮಾವ ಹಸಿವಿಲ್ಲ ಎಂದರು. ಅತ್ತೆಯೂ ಬೈಯಲಿಲ್ಲ. ಅತ್ತೆ ಬೈಯದೆ ಇದ್ದದ್ದು ಅವರಿಗೆ ಹೆಚ್ಚು ತಟ್ಟಿತೆಂದು ನನಗೆ ಅನಿಸುತ್ತದೆ.

ಮರುದಿನ ಬೆಳಿಗ್ಗೆ ಮಾವ ಚಪ್ಪಲಿ ಮೆಟ್ಟಿ ನನ್ನನ್ನು ಕರೆದು, "ಬಾರೇ, ಆ ಅಂಗಡಿ ಎಲ್ಲೈತೆ ತೋರ್ಸು" ಎಂದರು. ದಾರಿಯಲ್ಲಿ ತಾವೇ ಬಾಯಿಬಿಟ್ಟರು. "ಡಿಕ್ಷನರಿಯಲ್ಲಿ ಎಕ್ಸ್‌ಪೈರ್ ಅನ್ನೋದಕ್ಕೆ ತೀರಿಕೊಳ್ಳೋದು ಅನ್ನೋ ಅರ್ಥಾನೂ ಐತೆ. ನಂಗೆ ಗೊತ್ತಿತ್ತು. ಕಿವಿಗೆ ಹಿಡಿಸಲ್ಲ ಅಂತ ಅಂದ್ಬಿಟ್ಟೆ."

ನಮ್ಮನ್ನು ಕಂಡು ಹುಡುಗ ಗಾಬರಿಯಾಗಿ, ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಸ್ಟೂಲು ತಂದಿಟ್ಟ. ಮಾವ ಕೂರಲಿಲ್ಲ.

"ನಿನ್ನೆ ನಾನು ಹಾಗನ್ನಬಾರದಿತ್ತು ಕಣಪ್ಪ," ಎಂದರು. ಆಮೇಲೆ, "ಏನಾಗಿತ್ತು ನಿಮ್ಮಪ್ಪಗೆ?" ಎಂದು ಕೇಳಿದರು.

ಅವನು ಹೇಳತೊಡಗಿದ. ಅಂಬ್ಲಿಗೊಳ ಜಲಾಶಯದ ನೀರು ಹರಿಯುವ ಕಡೆ ಅವರ ಗದ್ದೆ. ನೀರು ಬಿಟ್ಟ ದಿನ ಅದನ್ನು ಗದ್ದೆಗೆ ತಿರುಗಿಸಲು ಮಡೆ ಕಟ್ಟಲೆಂದು ಹೋದ ಅಪ್ಪ, ಬದುವಿನ ಮೇಲೆ ಕೂತವರು ಹಾಗೇ ಇದ್ದರಂತೆ. ಪಕ್ಕದ ಗದ್ದೆಯವರು ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ಬಹಳ ಹೊತ್ತು ಮಾತಾಡಿಸಲೇ ಇಲ್ಲವಂತೆ. ಮಾವ ಆಗ ಸ್ಟೂಲಿನ ಮೇಲೆ ಕೂತರು. ಗಿರಾಕಿಯೊಬ್ಬ ಬಂದು ಬೇರಿಂಗು ಕೇಳಿದಾಗ, "ಐದ್ ನಿಮ್ಷ ತಡೀರಿ" ಎಂದು ಮಾವನೇ ಹೇಳಿದರು.

ಅಂದು ಮಧ್ಯಾಹ್ನ ಅವರು ಊಟ ಮಾಡಿದರು. ಸೊರಬದ ಬಸ್ಸಿಗೆ ಹೊರಡುವಾಗ ಮಗಳ ತಲೆ ಸವರಿ, "ಅವ್ರ ಮನೆ ಹಿರಿಯರು ಯಾವಾಗ ಬರ್ತಾರೆ ಕೇಳು, ಮಾತುಕತೆ ಮುಗಿಸಾಣ" ಎಂದರು. ಅವಳು ಅತ್ತುಬಿಟ್ಟಳು.

ಮದುವೆಯಾಗಿ ಈಗ ಅವರಿಬ್ಬರೂ ಶಿಕಾರಿಪುರದಲ್ಲೇ ಇದ್ದಾರೆ. ಮಾವ ಪೂರ್ತಿ ಬದಲಾದರು ಎಂದರೆ ಸುಳ್ಳಾಗುತ್ತದೆ. ಮೊನ್ನೆ ನಾನು ಸೊರಬಕ್ಕೆ ಹೋದಾಗ ಟಿವಿಯಲ್ಲಿ ಯಾರೋ 'ಡಿಸ್ಕಸ್ ಅಬೌಟ್' ಎಂದರೆಂದು ಎದ್ದು ಹೋಗಿ ಆರಿಸಿಬಿಟ್ಟರು. ಧಾರಾವಾಹಿಯ ಹೊತ್ತಾಗಿದೆ ಎಂದು ಅತ್ತೆ ಮತ್ತೆ ಹಾಕಿದರು.