ಮುಂಬಾಗಿಲಿಗೆ ಬೀಗ

ಮದುವೆಯಾದ ಹೊಸತರಲ್ಲಿ ನಾವು ಚಿಕ್ಕಮಗಳೂರಿನಲ್ಲಿ ಹಿಡಿದ ಬಾಡಿಗೆ ಮನೆಗೆ ಒಂದೇ ಒಂದು ದೋಷವಿತ್ತು. ಅದು ಬಸ್ ಸ್ಟ್ಯಾಂಡಿಗೆ ಹತ್ತಿರವಿತ್ತು. ನನ್ನ ಗಂಡ ಅದನ್ನೇ ದೊಡ್ಡ ಗುಣವೆಂದು ಹೇಳಿ ನನ್ನನ್ನು ಒಪ್ಪಿಸಿದ್ದರು. "ನೋಡು ಮಾರಾಯ್ತಿ, ಹತ್ತು ನಿಮಿಷ ನಡೆದ್ರೆ ಬಸ್ಸು. ಇನ್ನೈದು ನಿಮಿಷ ನಡೆದ್ರೆ ಕೋರ್ಟು. ಎಲ್ಲ ಕೈಗೆ ಸಿಗುತ್ತೆ." ಕೋರ್ಟಿನಲ್ಲಿ ನಮಗೇನು ಕೆಲಸ ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು, ನನಗಿನ್ನೂ ಇಪ್ಪತ್ತೆರಡು, ತಲೆತುಂಬ ಮಲ್ಲಿಗೆ ಇತ್ತೇ ಹೊರತು ಒಳಗೆ ಏನೂ ಇರಲಿಲ್ಲ.

ನನಗೆ ಬೇಕಿದ್ದದ್ದು ಒಂದು ಬಾಗಿಲು. ಹಾಕಿದರೆ ಹಾಕಿಕೊಂಡೇ ಇರುವಂಥ ಬಾಗಿಲು. ನಗಬೇಡಿ. ನಾನು ಹುಟ್ಟಿ ಬೆಳೆದದ್ದು ಕೊಟ್ಟಿಗೆಹಾರದ ಒಂದು ಹೋಟೆಲಿನ ಹಿಂದೆ. ಹೋಟೆಲು ಅಪ್ಪನದು, ಅಡುಗೆಗೆ ಅಮ್ಮ ಜೊತೆ. ಘಾಟಿ ಇಳಿಯುವ ಬಸ್ಸು, ಹತ್ತಿ ಬಂದ ಬಸ್ಸು, ಎಲ್ಲ ಅಲ್ಲೇ ನಿಲ್ಲುತ್ತಿದ್ದವು. ಹೋಟೆಲಿಗೂ ನಮ್ಮ ಮನೆಗೂ ನಡುವೆ ಒಂದು ಹಸಿರು ಪರದೆ ಮಾತ್ರ. ಪರದೆ ಸರಿಸಿದವರಿಗೆಲ್ಲ ನಮ್ಮ ಮನೆ ಸ್ವಂತ ಮನೆಯೇ. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡವರು ಬಾಯಿ ತೊಳೆಯಲು ಬರುತ್ತಿದ್ದರು. ಮಕ್ಕಳ ಬಟ್ಟೆ ಬದಲಿಸುವವರು ನನ್ನ ಹಾಸಿಗೆಯ ಮೇಲೇ ಬದಲಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಾ ಕೂತಿದ್ದವಳ ಎದುರು ಯಾರೋ ಒಬ್ಬ ಗುರುತುಪರಿಚಯವಿಲ್ಲದ ಮನುಷ್ಯ ಬಂದು, "ಟಾಯ್ಲೆಟ್ ಯಾವ ಕಡೆ ಪುಟ್ಟಿ?" ಎಂದು ಕೇಳಿದ್ದ.

ಅಪ್ಪ ಯಾರನ್ನೂ ಬೇಡ ಎನ್ನುತ್ತಿರಲಿಲ್ಲ. "ಖಾಲಿ" ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಕೊನೆಯ ಬಸ್ಸಿನ ಡ್ರೈವರಿಗೆ ಸಾರು ಸಾಲದಿದ್ದರೆ ತನ್ನ ಪಾಲಿನದ್ದನ್ನು ಬಡಿಸಿಬಿಡುತ್ತಿದ್ದ. ಎಲ್ಲರದ್ದೂ ಆದ ಮೇಲೆ ಒಲೆಯ ಪಕ್ಕ ನಿಂತುಕೊಂಡು, ಒಂದು ಕಣ್ಣು ರಸ್ತೆಯ ಮೇಲಿಟ್ಟು, ಉಳಿದದ್ದನ್ನು ನುಂಗುತ್ತಿದ್ದ. ಅಪ್ಪ ಕೂತು ಉಂಡದ್ದನ್ನು ನಾನು ನೋಡಿರಲೇ ಇಲ್ಲ. ನನ್ನ ಮದುವೆಯ ದಿನವೂ ಬಡಿಸುವವರ ಸಾಲಿನಲ್ಲೇ ಇದ್ದ, ಮಹಾರಾಯ.

ಹಾಗಾಗಿ ನನ್ನ ಮನೆಯಲ್ಲಿ ಎರಡೇ ಆಸೆಗಳನ್ನು ಇಟ್ಟುಕೊಂಡಿದ್ದೆ. ಬಾಗಿಲು ಹಾಕಿದರೆ ಹಾಕಿರಬೇಕು. ಮತ್ತೆ ಒಂದು ದಿನ ಅಪ್ಪನನ್ನು ಕರೆಸಿ, ಕುರ್ಚಿಯಲ್ಲಿ ಕೂರಿಸಿ, ಬಾಳೆಎಲೆ ಹಾಕಿ, ಬಿಸಿಬಿಸಿ ಬಡಿಸಬೇಕು. ಅದಕ್ಕೆಂದೇ ಒಂದು ಬೆತ್ತದ ಕುರ್ಚಿ ಕೊಂಡುಕೊಂಡೆ. ಒಂದಾದ ಮೇಲೊಂದು ಇನ್‌ಲ್ಯಾಂಡ್ ಲೆಟರ್ ಬರೆದೆ. ಉತ್ತರ ಯಾವಾಗಲೂ ಬಸ್ಸಿನ ಕಂಡಕ್ಟರ್ ಬಾಯಲ್ಲಿ ಬರುತ್ತಿತ್ತು: "ಹೋಟೆಲ್ ಯಾರು ನೋಡ್ಕೊಳ್ತಾರೆ ಅಂತ ಕೇಳಿದ್ರು ನಿಮ್ಮಪ್ಪ."

ಅಪ್ಪ ಬರಲಿಲ್ಲ. ಉಳಿದವರೆಲ್ಲ ಬಂದರು.

ನನ್ನ ಗಂಡ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಗುಮಾಸ್ತ. ಅವರ ಮನೆಯವರು ವಸ್ತಾರೆಯ ಆಚೆ ಸಣ್ಣ ಕಾಫಿ ತೋಟದವರು. ಒಳ್ಳೆಯ ಬೀಜವನ್ನೆಲ್ಲ ಮಾರಿ, ಮುರಿದದ್ದು, ಕಪ್ಪಾದದ್ದು, ಹುಳ ತಿಂದದ್ದನ್ನು ತಾವು ಹುರಿದು ಕುಡಿಯುವ ಜನ. ಆಮೇಲೆ ನಮ್ಮ ಮನೆಯ ಕಾಫಿಯ ರುಚಿ ಎಲ್ಲೂ ಇಲ್ಲ ಎಂದು ಮೀಸೆ ಒರೆಸಿಕೊಳ್ಳುವವರು. ನಮ್ಮ ಅತ್ತೆ ಹಾಲುಕ್ಕಿಸುವ ದಿನವೇ ಸುತ್ತ ಸೇರಿದ್ದ ನೆಂಟರ ಎದುರು ಗಟ್ಟಿಯಾಗಿ ಹೇಳಿದರು: "ಪೇಟೇಲಿ ಈಗ ನಮ್ದೇ ಮನೆ ಇದೆ. ಯಾರೂ ಹೋಟೆಲಲ್ಲಿ ದುಡ್ಡು ಸುರೀಬೇಡಿ. ಹಗಲೊತ್ತು ಮನೆಗೆ ಬೀಗ ಹಾಕೋ ಪದ್ಧತಿ ನಮ್ಮಲ್ಲಿಲ್ಲ. ಹಾಗೂ ಹೊರಗೆ ಹೋಗೋದಿದ್ರೆ ಕೀ ಮೀಟರ್ ಬೋರ್ಡಿನ ಮೇಲೆ ಇಟ್ಟಿರ್ತಾಳೆ." ನಾನು ಎಲ್ಲಿಡುತ್ತೇನೆ ಎಂದು ನನ್ನನ್ನು ಯಾರು ಕೇಳಿದರು? ಹೋಟೆಲಿನವನ ಮಗಳಲ್ಲವೇ, ಬಡಿಸುವುದು ಅಭ್ಯಾಸವಿರುತ್ತದೆ ಎಂದುಕೊಂಡಿರಬೇಕು.

ಮದುವೆ ಜವಳಿಗೆ ಬಂದವರು, ಹಲ್ಲು ಕೀಳಿಸಲು ಬಂದವರು, ಮಗಳ ಕಾಲೇಜಿಗೆ ಅರ್ಜಿ ತರಲು ಬಂದವರು. ಸಿನಿಮಾ ನೋಡಿ ಮುಗಿಸಿ, ಬಸ್ಸಿಗೆ ಹೊತ್ತಿದೆ ಎಂದು ಮುಖ ತೊಳೆಯಲು ಬಂದವರೂ ಇದ್ದರು. ಒಂದು ಮಧ್ಯಾಹ್ನ ತರಕಾರಿ ತಂದು ಬಾಗಿಲು ತೆಗೆದರೆ, ನಾನು ಈವರೆಗೆ ಮುಖ ನೋಡದ ಇಬ್ಬರು ಹೆಂಗಸರು ನಮ್ಮ ಮಂಚದ ಮೇಲೆ ಸೀರೆ ಹರಡಿಕೊಂಡು ಬಣ್ಣ ಹೋಗುತ್ತದೋ ಇಲ್ಲವೋ ಎಂದು ಚರ್ಚೆ ಮಾಡುತ್ತಿದ್ದರು. "ಬಂದ್ಯಾ? ಕೀ ಅಲ್ಲೇ ಇತ್ತಲ್ಲ, ತಕ್ಕೊಂಡ್ವಿ," ಎಂದರು. ನಾನೇ ನೆಂಟಳ ಹಾಗೆ ಚಪ್ಪಲಿ ಬಿಟ್ಟು ಒಳಗೆ ಹೋದೆ.

ಇವರಿಗೆಲ್ಲ ಕಿರೀಟವಿಟ್ಟ ಹಾಗೆ ಇದ್ದವರು ನನ್ನ ಗಂಡನ ದೊಡ್ಡಪ್ಪ. ಅವರಿಗೆ ಪಕ್ಕದ ತೋಟದವರ ಜೊತೆ ಬೇಲಿಯ ವ್ಯಾಜ್ಯ. ಎರಡು ಮಾರು ಜಾಗ, ಅದರಲ್ಲಿ ಒಂದು ಒಣಗಿದ ಹಲಸಿನ ಮರ. ಆ ಬೊಡ್ಡೆಗಾಗಿ ವರ್ಷಗಟ್ಟಲೆ ಕೋರ್ಟು. ಹನ್ನೊಂದಕ್ಕೆ ಕೇಸು ಕೂಗುತ್ತಿದ್ದರು, ಮುಂದೂಡುತ್ತಿದ್ದರು. ವಸ್ತಾರೆ ಏನು ಕಾಶಿಯೇ? ಅರ್ಧ ಗಂಟೆಯ ದಾರಿ. ಮನೆಗೆ ಹೋಗಿ ಬೆಚ್ಚಗೆ ಉಣ್ಣಬಹುದಿತ್ತು. ಇಲ್ಲ, ಸೀದಾ ನಮ್ಮ ಮನೆಗೆ. ಬಂದವರೇ ಅಪ್ಪನಿಗೆಂದು ತಂದ ಬೆತ್ತದ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಅಡುಗೆಮನೆಯ ಕಡೆ ಮೂಗು ಎತ್ತಿ, "ಏನಿವತ್ತು, ಬರೀ ತಿಳಿಸಾರಾ?" ಎನ್ನುತ್ತಿದ್ದರು. ಉಂಡು, ಅದೇ ಕುರ್ಚಿಯಲ್ಲಿ ಗೊರಕೆ ಹೊಡೆದು, ನಾಲ್ಕಕ್ಕೆ ಎದ್ದು ಕಾಫಿ ಕುಡಿದು, ಕಾಫಿ ನೀರಾಗಿದೆ ಎಂದು ಹೇಳಿ ಹೋಗುತ್ತಿದ್ದರು.

ಗಂಡನಿಗೆ ಹೇಳಿದೆ. "ನೀವೇ ಒಂದ್ಮಾತು ಹೇಳಿ."

"ಹೇಗೆ ಹೇಳ್ಲಿ? ಎತ್ತಿ ಆಡ್ಸಿದೋರು."

"ಎತ್ತಿ ಆಡ್ಸಿದ್ದು ನಿಮ್ಮನ್ನ. ನನ್ನನ್ನಲ್ಲ."

"ಸ್ವಲ್ಪ ಹೊಟ್ಟೆಗೆ ಹಾಕ್ಕೋ ಮಾರಾಯ್ತಿ." ಇದಿಷ್ಟು ಹೇಳಿ ಅವರು ಕೆಲಸಕ್ಕೆ ಹೋದರು. ದಿನವಿಡೀ ಅಲ್ಲಿ ಬೀಜ ವಿಂಗಡಿಸುವುದನ್ನು ನೋಡುವ ಮನುಷ್ಯ, ಇಂಥದ್ದು ಒಳಗೆ, ಇಂಥದ್ದು ಹೊರಗೆ ಎಂದು ಕಾಗದದಲ್ಲಿ ಬರೆಯುವ ಮನುಷ್ಯ. ಮನೆಯ ವಿಷಯಕ್ಕೆ ಬಂದರೆ ಜರಡಿಯೇ ಇಲ್ಲ.

ಕೊನೆಗೆ ನನಗೇ ಉಪಾಯ ಹೊಳೆಯಿತು. ಆಗ ಅದು ಬಹಳ ದೊಡ್ಡ ಉಪಾಯವೆಂದು ಹೆಮ್ಮೆ ಬೇರೆ. ಒಂದು ಹೊಸ ಬೀಗ ತಂದೆ, ಅಂಗೈ ಅಗಲದ್ದು. ದೊಡ್ಡಪ್ಪನ ಕೇಸಿದ್ದ ಬುಧವಾರ, ಗಂಡ ಕೆಲಸಕ್ಕೆ ಹೋದ ಮೇಲೆ, ಮುಂಬಾಗಿಲಿಗೆ ಹೊರಗಿನಿಂದ ಆ ಬೀಗ ಜಡಿದೆ. ಮನೆ ಸುತ್ತಿಕೊಂಡು ಹೋಗಿ ಹಿತ್ತಲ ಬಾಗಿಲಿನಿಂದ ಒಳಗೆ ಸೇರಿದೆ. ಕಿಟಕಿ ಹಾಕಿದೆ, ಪರದೆ ಎಳೆದೆ. ಮುಂದಿನ ಭಾಗದಲ್ಲಿ ಮನೆಯ ಒಡತಿ ಇದ್ದರು, ರಿಟೈರಾದ ಟೀಚರ್. ಅವರಿಗೆ ಮೊದಲೇ ಹೇಳಿಟ್ಟಿದ್ದೆ. ಪಾಪ, ಜೀವಮಾನವಿಡೀ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವರು.

"ಯಾರೇ ಬಂದ್ರೂ ಊರಲ್ಲಿಲ್ಲ ಅನ್ಬೇಕಾ?" ಎಂದು ಎರಡು ಸಲ ಕೇಳಿದ್ದರು.

"ಯಾರೇ ಬಂದ್ರೂ, ಟೀಚರ್. ದೇವ್ರೇ ಬಂದ್ರೂ."

ಆ ಬೆಳಗಿನ ಸುಖವನ್ನು ಏನೆಂದು ಹೇಳಲಿ! ನೆಲದ ಮೇಲೆ ಕಾಲು ಚಾಚಿ ಕೂತು ವಾರಪತ್ರಿಕೆ ಓದಿದೆ. ಪರದೆ ಸರಿಸಿ ಇಣುಕುವವರಿಲ್ಲ, ಟಾಯ್ಲೆಟ್ ಎಲ್ಲಿ ಎನ್ನುವವರಿಲ್ಲ. ಹುಟ್ಟಿದಾಗಿನಿಂದ ಬೇಕಿದ್ದ ಬಾಗಿಲು ಕೊನೆಗೂ ಸಿಕ್ಕಿತ್ತು. ಹನ್ನೆರಡರ ಮೇಲೆ ನನ್ನೊಬ್ಬಳಿಗೇ ಅನ್ನಕ್ಕಿಟ್ಟೆ, ಕುಕ್ಕರಿನಲ್ಲಿ.

ಬಾಗಿಲ ಹತ್ತಿರ ಸದ್ದಾಯಿತು. ಯಾರೋ ಬೀಗವನ್ನು ಎತ್ತಿ ನೋಡಿ ಮೆಲ್ಲಗೆ ಬಿಟ್ಟರು. ಬಂದ್ರಪ್ಪ ಮಹಾನುಭಾವರು ಎಂದುಕೊಂಡು ನಾನು ಸೆರಗನ್ನು ಬಾಯಿಗೆ ಒತ್ತಿ ನಕ್ಕೆ. ಹೊರಗೆ ಟೀಚರ್ ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದರು: "ಅವ್ರು ಊರಲ್ಲಿಲ್ಲ. ಇಬ್ರೂ ಇಲ್ಲ." ಇನ್ನೊಂದು ತಗ್ಗಿದ ದನಿ ಏನೋ ಅಂದಿತು. ಸರಿಯಾಗಿ ಆಗಲೇ, ದರಿದ್ರದ್ದು, ಕುಕ್ಕರ್ ಕೂಗಿತು. ಓಡಿಹೋಗಿ ಒಲೆ ಆರಿಸುವಷ್ಟರಲ್ಲಿ ಇನ್ನೊಮ್ಮೆ ಕೂಗಿತು. ನಾನು ಉಸಿರು ಬಿಗಿಹಿಡಿದು ನಿಂತೆ. ದೊಡ್ಡಪ್ಪನಾದರೆ ಈಗ ಬಾಗಿಲು ಬಡಿದು ಊರು ಒಂದು ಮಾಡಬೇಕು. ಏನೂ ಇಲ್ಲ. ಹೆಜ್ಜೆ ಸದ್ದು ಹೊರಟು ಹೋಯಿತು. ಮರ್ಯಾದೆ ಬಂತಲ್ಲ ಕೊನೆಗೂ ಎಂದುಕೊಂಡು ಉಂಡೆ. ಹೌದು, ಹೊಟ್ಟೆತುಂಬ ಉಂಡೆ.

ಒಂದು ಗಂಟೆಯ ಹೊತ್ತಿಗೆ ಟೀಚರ್ ಹಿತ್ತಲಿಗೆ ಬಂದರು. ಕೈಯಲ್ಲಿ ಒಂದು ಬಟ್ಟೆಚೀಲ. ಒಳಗೆ ಬಾಳೆಎಲೆಯಲ್ಲಿ ಕಟ್ಟಿದ ಬನ್ಸ್, ಇನ್ನೂ ಮೆತ್ತಗಿದ್ದವು. ಆ ಎಲೆ ಮಡಿಸುವ ರೀತಿ, ಬಾಳೆನಾರಿನ ಆ ಗಂಟು, ಕಣ್ಣುಮುಚ್ಚಿ ಮುಟ್ಟಿದರೂ ನನಗೆ ಗೊತ್ತಾಗುತ್ತಿತ್ತು.

"ನಿಮ್ಮ ತಂದೆಯವ್ರಂತೆ. ನೀವು ಯಾರೇ ಬಂದ್ರೂ ಅಂದಿದ್ರಲ್ಲ..." ಎಂದರು ಟೀಚರ್. "ಮೆಟ್ಟಿಲ ಮೇಲಿದ್ದ ನಿಮ್ಮ ಚಪ್ಪಲಿ ನೋಡಿದ್ರು. ಕುಕ್ಕರ್ ಸೀಟಿ ಕೇಳಿಸ್ಕೊಂಡ್ರು. ನಂಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. 'ಮಲಗಿರ್ತಾಳೆ, ಎಬ್ಬಿಸ್ಬೇಡಿ' ಅಂದ್ರು."

ನನ್ನ ಅಪ್ಪ ಹುಟ್ಟಿದಾಗಿನಿಂದ ಬಾಗಿಲ ಒಳಗಡೆ ಇದ್ದವನು. ಅವನು ಹೊರಗೆ ನಿಂತರೆ ಸದ್ದು ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವನ ದನಿ ಎಂದರೆ ಗಲ್ಲಾದಿಂದ ಅಡುಗೆಮನೆಗೆ ಕೇಳುವಂತೆ ಕೂಗುವ ದನಿ. ಇನ್ನೊಬ್ಬರ ಮನೆಯ ಮುಂದೆ ಅವನು ಅಷ್ಟು ಮೆಲ್ಲಗೆ ಮಾತಾಡುತ್ತಾನೆಂದು ಯಾರಿಗೆ ಗೊತ್ತಿತ್ತು?

ಚೀಲವನ್ನು ಒಲೆಯ ಕಟ್ಟೆಯ ಮೇಲಿಟ್ಟು, ಬರಿಗಾಲಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದೆ. ಘಾಟಿಯ ಬಸ್ಸು ಎರಡೂವರೆಗೆ. ಪ್ಲಾಟ್‌ಫಾರಂನಲ್ಲಿ ಅಪ್ಪ ಇರಲಿಲ್ಲ. ಎದುರಿನ ಹೋಟೆಲಿನಲ್ಲಿದ್ದ. ಮೂಲೆಯ ಮೇಜಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಎಲೆಯ ಮುಂದೆ ಕೂತಿದ್ದ. ಕೂತು ಉಣ್ಣುತ್ತಿದ್ದ. ಯಾರೋ ಸಪ್ಲೈಯರ್, ಅವನ ಮುಖವನ್ನೂ ನೋಡದೆ, ಸೌಟಿನಿಂದ ಸಾಂಬಾರು ಸುರಿದು ಹೋದ. ನಾನು ವರ್ಷಗಟ್ಟಲೆ ಕನಸು ಕಂಡದ್ದನ್ನು ಆ ಮನುಷ್ಯ ಒಂದು ಚಣದಲ್ಲಿ ಮಾಡಿ ಮುಗಿಸಿದ.

"ಬಂದ್ಯಾ? ಕೂತ್ಕೋ," ಎಂದ ಅಪ್ಪ. "ಚಪ್ಪಲಿ ಯಾಕೆ ಹಾಕಿಲ್ಲ?"

"ಅಪ್ಪ, ದೊಡ್ಡಪ್ಪ ಬಂದ್ರು ಅಂದ್ಕೊಂಡೆ. ನೀನು ಅಂತ ಗೊತ್ತಿದ್ರೆ..." ಆ ಹೋಟೆಲಿನ ನಡುವೆಯೇ ಅಳು ಬಂತು. "ಒಂದು ಸಲ ಪುಟ್ಟಿ ಅಂತ ಕೂಗಬಾರ್ದಿತ್ತಾ?"

ಅಪ್ಪ ಅನ್ನ ಕಲಸಿದ.

"ಬಾಗಿಲು ಹಾಕ್ಕೊಂಡು ಒಳಗಿದೀಯಾ ಅಂತ ಗೊತ್ತಾಯ್ತು. ಆ ಹೋಟೆಲಲ್ಲಿ ನಿಂಗೊಂದು ಬಾಗಿಲು ಮಾಡಿಕೊಡೋಕೆ ಆಗ್ಲಿಲ್ಲ ನಂಗೆ. ಈಗ ಹಾಕ್ಕೊಂಡಿರೋದನ್ನ ನಾನೇ ಬಂದು ತೆಗ್ಸೋದಾ?" ಆಮೇಲೆ ಎಲೆಯ ಕಡೆ ನೋಡಿ ಮುಖ ಕಿವಿಚಿದ. "ಸಾಂಬಾರಿಗೆ ಹುಣಸೆಹಣ್ಣು ಜಾಸ್ತಿ ಹಾಕಿದಾರೆ."

ಮನೆಗೆ ಬಾ, ಒಂದು ಗಳಿಗೆ ಆ ಕುರ್ಚಿಯಲ್ಲಿ ಕೂತು ಹೋಗು ಎಂದು ಕೈ ಹಿಡಿದುಕೊಂಡೆ. ಗಡಿಯಾರ ನೋಡಿದ. ಹೋಟೆಲಿನಲ್ಲಿ ಅಮ್ಮ ಒಬ್ಬಳೇ ಇದ್ದಾಳೆ ಎಂದ. ಬಸ್ಸು ಬಂತು, ಹತ್ತಿ ಹೋದ. ಆಮೇಲೆ ನಾವು ಆ ಮನೆಯಲ್ಲಿ ಎಂಟು ವರ್ಷ ಇದ್ದೆವು. ಅಪ್ಪ ಇನ್ನೊಮ್ಮೆ ಬರಲಿಲ್ಲ. ಕರೆದಾಗಲೆಲ್ಲ ಕಂಡಕ್ಟರ್ ಬಾಯಲ್ಲಿ ಅದೇ ಉತ್ತರ.

ಅಂದು ಕಾಲೆಳೆಯುತ್ತಾ ಮನೆಗೆ ಬಂದೆ. ಮುಂಬಾಗಿಲಲ್ಲಿ ನನ್ನ ಬೀಗ ಗಟ್ಟಿಯಾಗಿ ನೇತಾಡುತ್ತಿತ್ತು. ಹಿತ್ತಲ ಬಾಗಿಲನ್ನು ಓಡುವ ಗಡಿಬಿಡಿಯಲ್ಲಿ ಹಾರುಹೊಡೆದು ಬಿಟ್ಟು ಹೋಗಿದ್ದೆ. ಒಳಗೆ ಬೆತ್ತದ ಕುರ್ಚಿಯಲ್ಲಿ ದೊಡ್ಡಪ್ಪ. ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಬಾಳೆಎಲೆ ಬಿಚ್ಚಿತ್ತು.

"ಮುಂದೆ ಬೀಗ ಕಂಡ್ತು. ಹಿಂದಿಂದ ಬಂದೆ," ಎಂದರು ಬಾಯಿ ತುಂಬಿಕೊಂಡು. "ಕೇಸು ಮತ್ತೆ ಮುಂದಕ್ಕೆ ಹೋಯ್ತು. ಬನ್ಸ್ ಭಾರಿ ಚೆನ್ನಾಗಿದೆ ಮಾರಾಯ್ತಿ, ಯಾವ ಹೋಟೆಲಿಂದು? ಒಂಚೂರು ಚಟ್ನಿ ಹಾಕ್ಕೊಂಡು ಬಾ."

ಮಾನವಿದ್ದವನು ಬೀಗ ನೋಡಿ ಹೋಗಿದ್ದ. ಇಲ್ಲದವರು ಒಳಗಿದ್ದರು. ನನ್ನ ದೊಡ್ಡ ಉಪಾಯ ವಿಂಗಡಿಸಿದ್ದು ಹೀಗೆ. ಗಂಡನ ಜರಡಿಯನ್ನು ಆಡಿಕೊಂಡಿದ್ದೆನಲ್ಲ, ನನ್ನದೂ ಅಷ್ಟೇ.

ಅವರ ತೊಡೆಯ ಮೇಲಿಂದ ಎಲೆಯನ್ನು ಎತ್ತಿಕೊಂಡೆ. ಅದರಲ್ಲಿ ಇನ್ನೂ ಮೂರು ಇದ್ದವು. ಅವರು ಕೈ ಚಾಚಿದವರು ಚಾಚಿದ ಹಾಗೇ ಉಳಿದರು. ಅಡುಗೆಮನೆಗೆ ಹೋಗಿ, ಒಲೆಯ ಪಕ್ಕ ನಿಂತುಕೊಂಡು, ಮೂರನ್ನೂ ಒಂದಾದ ಮೇಲೊಂದು ತಿಂದೆ. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಆದರೂ ತಿಂದೆ.

"ಏನಾಯ್ತು, ಬನ್ಸ್ ಎಲ್ಲಿ?" ಎಂದು ಹೊರಗಿನಿಂದ ದೊಡ್ಡಪ್ಪ ಕೂಗಿದರು.

"ಖಾಲಿ," ಎಂದೆ, ರಸ್ತೆಯವರೆಗೆ ಕೇಳುವ ಹಾಗೆ.